ತೋಟ ನಮ್ಮದು, ಫಸಲು ಕಾಣದು

ಬೆಳಗೋಡಿನ ಕಡೆ ಕಾಫಿ ತೋಟದಲ್ಲಿ ನೆರಳಿನ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸ್ತಾರೆ. ಒಂದರ ಬೆಲೆ ಬಿದ್ರೆ ಇನ್ನೊಂದು ಕೈಹಿಡಿಯಲಿ ಅಂತ. ನಮ್ಮ ಪಿಎಫ್ ಮಾಡುವುದೂ ಅದನ್ನೇ. ಹೆಚ್ಚಿನ ಹಣ ಸರ್ಕಾರಿ ಸಾಲಪತ್ರ, ಬಾಂಡುಗಳಲ್ಲಿ. 2015ರಿಂದ ಒಂದು ಪಾಲು ಇಟಿಎಫ್ ಮೂಲಕ ಷೇರುಪೇಟೆಗೆ. ಮೊದಲು ಹೊಸ ಠೇವಣಿಯ ಶೇ. 5, ಆಮೇಲೆ ಶೇ. 15.

ಇದಕ್ಕೆ ನನ್ನ ತಕರಾರಿಲ್ಲ. ಆದರೆ ಬೆಳೆಗಾರ ತೋಟ ಸುತ್ತಿ ಫಸಲು ನೋಡಬಲ್ಲ. ನನ್ನ ಪಾಸ್‌ಬುಕ್‌ನಲ್ಲಿ ಕಟ್ಟಿದ ದುಡ್ಡು, ಬಡ್ಡಿ (2023-24ಕ್ಕೆ ಶೇ. 8.25) ಅಷ್ಟೇ. ಷೇರಿನಲ್ಲಿ ನನ್ನದೆಷ್ಟು, ಬೆಳೆದದ್ದೆಷ್ಟು, ಸುಳಿವಿಲ್ಲ. ನಾವಾದರೂ ಬೇರೆ ಕಡೆ ಎಸ್ಐಪಿ ಹಾಕ್ಕೋತೀವಿ. ತೋಟದ ಕಾರ್ಮಿಕರಲ್ಲಿ ಎಷ್ಟೋ ಜನರಿಗೆ ಮುಪ್ಪಿಗೆ ಇದೇ ಗಂಟು. ಕಡ್ಡಾಯವಾಗಿ ಹಿಡಿಯುವ ದುಡ್ಡಿಗೆ ವರ್ಷಕ್ಕೊಮ್ಮೆ ಕನ್ನಡದಲ್ಲಿ ಒಂದು ಪುಟ ಲೆಕ್ಕ ಕೊಡೋದು ದೊಡ್ಡ ಮಾತಾ?