'ತಲೆದಂಡ'ದಲ್ಲಿ ಮಧ್ಯಮ ನಿಲುವಿನ ಕುಸಿತ

ಮಂಡಲ ಮತ್ತು ಮಂದಿರದ ವಿವಾದಗಳು ದೇಶವನ್ನು ಇಬ್ಭಾಗಿಸುತ್ತಿದ್ದ 1990ರಲ್ಲಿ ಪ್ರಕಟವಾದ ಗಿರೀಶ ಕಾರ್ನಾಡರ 'ತಲೆದಂಡ'ವನ್ನು ಜಾತಿಸಂಘರ್ಷದ ನಾಟಕವೆಂದು ಓದುವುದು ರೂಢಿ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬ್ರಾಹ್ಮಣ ಕನ್ಯೆಗೂ ಸಮಗಾರರ ಹುಡುಗನಿಗೂ ಶರಣರು ನಡೆಸುವ ವಿವಾಹವೇ ಅದರ ಕೇಂದ್ರವಾಗಿರುವುದರಿಂದ ಆ ಓದು ತಪ್ಪಲ್ಲ, ಆದರೆ ಸಾಲದು. ವಿವಾಹದ ಪರಿಣಾಮವನ್ನು ನೆನೆದು ನಾಟಕದ ಬಸವಣ್ಣ ಹಿಂಜರಿಯುತ್ತಾನೆ. ಇದನ್ನು ದೌರ್ಬಲ್ಯವೆಂದು ಕರೆಯುವುದನ್ನು ನಾವು ಒಪ್ಪಲಾರೆವು. ತತ್ತ್ವಕ್ಕೆ ಅವನ ಸಮ್ಮತಿಯಿದೆ. ಅಂಜಿಕೆ ಹರಿಯಲಿರುವ ರಕ್ತದ್ದು.

ಈ ಮಧ್ಯಮ ನಿಲುವಿಗೆ ಆಸರೆಯಾಗಿದ್ದವನು ಬಿಜ್ಜಳ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಶರಣಧರ್ಮವನ್ನು ಸ್ವೀಕರಿಸದ ಈ ಅರಸ ಬಸವಣ್ಣನೊಡನೆ ಜಗಳವಾಡಬಲ್ಲ, ಜಗಳವಾಡಿಯೂ ಮಾತು ಮುಂದುವರಿಸಬಲ್ಲ. (ಕಾರ್ನಾಡರು ಅವನಿಗಿತ್ತ ಒರಟು, ಲವಲವಿಕೆಯ ನುಡಿಯೇ ನಾಟಕದ ಅತ್ಯುತ್ತಮ ಭಾಗವೆಂದು ನಮ್ಮ ಎಣಿಕೆ.) ಮಗ ಸೋವಿದೇವನು ದಾಮೋದರ ಭಟ್ಟನ ಬೆಂಬಲದಿಂದ ತಂದೆಯನ್ನು ಪದಚ್ಯುತಗೊಳಿಸಿದ ಮೇಲೆ ಅರಮನೆಯಲ್ಲಿ ಬಸವಣ್ಣನ ಮಾತಿಗೆ ಕಿವಿಗಳೇ ಉಳಿಯುವುದಿಲ್ಲ. ಶರಣರಲ್ಲಿಯೂ ಉಳಿದಿಲ್ಲವೆಂಬುದು ಬೇಗನೆ ತಿಳಿಯುತ್ತದೆ: ಪದಚ್ಯುತ ಬಿಜ್ಜಳನನ್ನು ಕೊಲ್ಲುವವನು ಅವರೊಳಗಿನ ತರುಣ ಜಗದೇವ. ಸೋವಿದೇವನಿಗೆ ಬೇಕಾಗಿದ್ದ ನೆಪ ಹೀಗೆ ಎದುರು ಪಾಳೆಯದಿಂದಲೇ ಒದಗುತ್ತದೆ. ಶರಣರ ಬೇಟೆಗೆ ಆಜ್ಞೆ ಹೊರಡುತ್ತದೆ. ಬಸವಣ್ಣ ಆಗ ಕಲ್ಯಾಣದಲ್ಲಿಲ್ಲ.