‘ನಾನು’ ಎಂಬ ಪದಕ್ಕೆ ಲಿಂಗವಿಲ್ಲ

ಮಂಜಮ್ಮ ಜೋಗತಿಯವರು ಹೇಳಿ, ಅರುಣ್ ಜೋಳದಕೂಡ್ಲಿಗಿಯವರು ನಿರೂಪಿಸಿದ ಆತ್ಮಕಥೆಯ ಹೆಸರು ‘ನಡುವೆ ಸುಳಿವ ಹೆಣ್ಣು’. ಈ ಹೆಸರು ಜೇಡರ ದಾಸಿಮಯ್ಯನ ಪ್ರಸಿದ್ಧ ವಚನವೊಂದನ್ನು ನೆನಪಿಗೆ ತರುತ್ತದೆ. ಮೈಮೇಲಿನ ಕುರುಹುಗಳನ್ನು ನೋಡಿ ಲೋಕವು ಹೆಣ್ಣು ಗಂಡೆಂದು ಕರೆಯುತ್ತದೆ, ಒಳಗಿನ ಆತ್ಮಕ್ಕೆ ಆ ಎರಡು ಹೆಸರೂ ಸಲ್ಲವು ಎಂಬುದು ವಚನದ ಆಶಯ. ಆತ್ಮಕಥೆಯ ಶೀರ್ಷಿಕೆಯಾದರೋ ಆತ್ಮವಿದ್ದ ಎಡೆಯಲ್ಲಿ ಹೆಣ್ಣನ್ನು ತಂದು ನಿಲ್ಲಿಸುತ್ತದೆ. ಬದಲಾದದ್ದು ಒಂದೇ ಪದ; ಆದರೆ ಅದರಿಂದ ತತ್ತ್ವವಾಗಿದ್ದ ಮಾತು ಬಾಳಿನ ಹಕ್ಕೊತ್ತಾಯವಾಗಿ ಮಾರ್ಪಟ್ಟಿದೆ.

ಆತ್ಮಕಥೆಯೆಂಬ ಪ್ರಕಾರವೇ ವಿಶ್ವಾಸದ ಮೇಲೆ ನಿಂತಿದೆ. ‘ನಾನು ಹೀಗಿದ್ದೇನೆ’ ಎಂದು ಬರೆದವರಿಂದ ಯಾವ ಓದುಗನೂ ವೈದ್ಯರ ಪತ್ರವನ್ನು ಬೇಡುವುದಿಲ್ಲ. ನಮ್ಮ ವ್ಯಾಕರಣವೂ ಈ ಔದಾರ್ಯವನ್ನು ಬಲ್ಲದು. ಉತ್ತಮ ಪುರುಷದಲ್ಲಿ ‘ನಾನು ಬಂದೆನು’ ಎನ್ನುವಾಗ ಲಿಂಗದ ಪ್ರಶ್ನೆಯೇ ಏಳದು. ‘ಬಂದನು’, ‘ಬಂದಳು’ ಎಂಬ ವಿಂಗಡಣೆ ಹುಟ್ಟುವುದು ಬೇರೊಬ್ಬರು ನಮ್ಮ ಕುರಿತು ಮಾತಾಡುವಾಗ. ಗುರುತಿನ ಚೀಟಿ ಅಂಥ ಬೇರೊಬ್ಬರ ಮಾತು. ಅಲ್ಲಿ ನಮ್ಮನ್ನು ಬರೆಯುವವರು ನಾವಲ್ಲ, ಕಚೇರಿ.

ಈ ಅಂತರವನ್ನು ಮುಚ್ಚಲು ಸರ್ವೋಚ್ಚ ನ್ಯಾಯಾಲಯವು 2014ರ ಏಪ್ರಿಲ್ 15ರ ತೀರ್ಪಿನಲ್ಲಿ ಯತ್ನಿಸಿತು. ತನ್ನ ಲಿಂಗತ್ವವನ್ನು ಹೆಣ್ಣು, ಗಂಡು ಅಥವಾ ತೃತೀಯ ಲಿಂಗವೆಂದು ತಾನೇ ನಿರ್ಧರಿಸುವ ಹಕ್ಕು ವ್ಯಕ್ತಿಗಿದೆ. ಅದಕ್ಕೆ ಶಸ್ತ್ರಚಿಕಿತ್ಸೆಯನ್ನು ಕಡ್ಡಾಯಗೊಳಿಸುವುದು ಅನೈತಿಕ ಹಾಗೂ ಕಾನೂನುಬಾಹಿರ ಎಂದು ಸಾರಿತು. 2019ರಲ್ಲಿ ರೂಪುಗೊಂಡ ಕಾಯ್ದೆ ಆ ಮಾತನ್ನು ಅರ್ಧವಷ್ಟೇ ಉಳಿಸಿಕೊಂಡಿತು. ಪ್ರಮಾಣಪತ್ರ ಬರೆದುಕೊಟ್ಟು ಅರ್ಜಿ ಸಲ್ಲಿಸಿದವರಿಗೆ ‘ಟ್ರಾನ್ಸ್‌ಜೆಂಡರ್ ವ್ಯಕ್ತಿ’ ಎಂಬ ಗುರುತಿನ ಪತ್ರವನ್ನು ಜಿಲ್ಲಾ ದಂಡಾಧಿಕಾರಿಗಳು ಆಗ ನೀಡಬೇಕಾಗಿತ್ತು. 2020ರ ನಿಯಮಗಳ ಪ್ರಕಾರ ಅದಕ್ಕೆ ದೈಹಿಕ ಪರೀಕ್ಷೆ ಬೇಕಿರಲಿಲ್ಲ. ಆದರೆ ‘ಹೆಣ್ಣು’ ಅಥವಾ ‘ಗಂಡು’ ಎಂದು ಬರೆಸಿಕೊಳ್ಳಬೇಕಾದರೆ ಚಿಕಿತ್ಸೆ ಮುಗಿಸಿ, ಆಸ್ಪತ್ರೆಯ ಪತ್ರದೊಡನೆ ಮತ್ತೆ ಅರ್ಜಿ ಹಾಕಬೇಕೆಂದು ಕಾಯ್ದೆ ವಿಧಿಸಿತು. ‘ನಡುವೆ ಸುಳಿವ’ ಎಂಬಷ್ಟನ್ನು ಬಾಯಿಮಾತಿನಿಂದ ಒಪ್ಪಿ, ‘ಹೆಣ್ಣು’ ಎಂಬುದಕ್ಕೆ ಮೈಯಿಂದ ಬೆಲೆ ಕೇಳಿದಂತಾಯಿತು.

ಶಸ್ತ್ರಚಿಕಿತ್ಸೆ ಎಲ್ಲರ ಕೈಗೆ ಎಟುಕುವುದಲ್ಲ. ಹಣವಿಲ್ಲದವರುಂಟು, ಆರೋಗ್ಯ ಒಪ್ಪದವರುಂಟು, ತಮಗೆ ಅದು ಬೇಡವೆನ್ನುವವರೂ ಉಂಟು. ಅಲ್ಲಿಯವರೆಗೆ ಬದುಕು ನಿಲ್ಲುವುದಿಲ್ಲ. ಬಾಡಿಗೆ ಮನೆ, ಬ್ಯಾಂಕ್ ಖಾತೆ, ರೈಲು ಪ್ರಯಾಣ, ಕೆಲಸದ ಸಂದರ್ಶನ ಎಲ್ಲೆಡೆಯೂ ಮುಖ ಒಂದು ಹೇಳಿ ಚೀಟಿ ಇನ್ನೊಂದು ಹೇಳಿದರೆ, ಅಪರಿಚಿತರೆದುರು ತನ್ನ ಒಡಲಿನ ಕಥೆಯನ್ನು ಬಿಚ್ಚಿಡಬೇಕಾಗುತ್ತದೆ.

ಮಂಜಮ್ಮನವರ ಕಥೆ ಇಲ್ಲಿ ಇನ್ನೊಂದು ಮಾದರಿಯನ್ನು ತೋರಿಸುತ್ತದೆ. ಬಳ್ಳಾರಿ ಸೀಮೆಯ ಕಲ್ಲುಕಂಬದ ಮಂಜುನಾಥ ಶೆಟ್ಟಿ, ಹುಲಿಗೆಮ್ಮನ ಸನ್ನಿಧಿಯಲ್ಲಿ ಉಡಿದಾರ ಕಡಿಸಿಕೊಂಡು ಮುತ್ತು ಕಟ್ಟಿಸಿಕೊಂಡ ದಿನ ಮಂಜಮ್ಮನಾದರು. ಜೋಗಪ್ಪಂದಿರ ಸಂಪ್ರದಾಯ ಶಸ್ತ್ರವನ್ನು ಕೇಳಲಿಲ್ಲ; ಉಡುಗೆ, ಬಳೆ, ಮುತ್ತುಗಳೇ ಸಾಕ್ಷಿಯಾದವು. ಆದರೆ ಇದನ್ನು ವೈಭವೀಕರಿಸಿ ಓದುವುದು ತಪ್ಪಾದೀತು. ಅದೇ ಸಮಾಜ ಅವರನ್ನು ಭಿಕ್ಷೆಗೂ ಅವಮಾನಕ್ಕೂ ದೂಡಿತು. ದೈವದ ಹೆಸರಿನಲ್ಲಿ ದೊರೆತ ಮನ್ನಣೆ ನಾಗರಿಕ ಹಕ್ಕಾಗಿರಲಿಲ್ಲ. ಜೋಗತಿ ನೃತ್ಯದ ಮೂಲಕ ಜಾನಪದ ಅಕಾಡೆಮಿಯ ಅಧ್ಯಕ್ಷಸ್ಥಾನವನ್ನೂ 2021ರಲ್ಲಿ ಪದ್ಮಶ್ರೀಯನ್ನೂ ಪಡೆದದ್ದು ಅವರ ಛಲದ ಫಲ. ಎಲ್ಲರಿಂದಲೂ ಅಂಥ ಛಲವನ್ನು ನಿರೀಕ್ಷಿಸುವುದು ನ್ಯಾಯವಲ್ಲ; ಸಾಮಾನ್ಯರಿಗೂ ಸಲ್ಲಬೇಕಾದ ಕಾರಣಕ್ಕೇ ದಾಖಲೆ ಮುಖ್ಯವಾಗುತ್ತದೆ.

ಗಡಿನಾಡಿನ ನಮಗೆ ಇದು ದೂರದ ಮಾತಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಕಾಗದದಲ್ಲಿ ರಾಜ್ಯ ಬದಲಾಯಿತು, ಮನೆಮಾತು ಬದಲಾಗಲಿಲ್ಲ. ಇಂದಿಗೂ ಜನಗಣತಿಯವರು ಬಾಗಿಲಿಗೆ ಬಂದು ಮಾತೃಭಾಷೆ ಯಾವುದೆಂದು ಕೇಳಿದರೆ, ‘ಕನ್ನಡ’ ಎಂಬ ನಮ್ಮ ಬಾಯಿಮಾತನ್ನೇ ಬರೆದುಕೊಳ್ಳಬೇಕು. ನಾಲಗೆಯನ್ನು ಪರೀಕ್ಷೆಗೆ ಒಡ್ಡಿರೆಂದು ಯಾರೂ ಹೇಳುವುದಿಲ್ಲ. ಭಾಷೆಯ ವಿಷಯದಲ್ಲಿ ನಾವು ಸಹಜವೆಂದು ಅನುಭವಿಸುತ್ತಿರುವ ಈ ವಿಶ್ವಾಸವನ್ನು, ತಾನು ಹೆಣ್ಣೆಂದು ಹೇಳುವ ಒಬ್ಬಳಿಗೆ ನಿರಾಕರಿಸಲು ನಮ್ಮಲ್ಲಿ ಯಾವ ಕಾರಣವಿದೆ?