ದ್ವೀಪಕ್ಕೆ ಬಂದ ಅಮ್ಮ

ಭಾಂಡುಪ್ ಇರುವುದು ಸಾಷ್ಟಿ ದ್ವೀಪದಲ್ಲಿ. ಅಪ್ಪ ಹೋದ ಮೇಲೆ ಊರಿನ ಮನೆ ಮಾರಿ ಬಂದ ಅಮ್ಮನಿಗೆ ಇದನ್ನು ಹೇಳಿದಾಗ, "ಸುತ್ತ ನೀರಿದ್ದೂ ನಲ್ಲಿಯಲ್ಲಿ ಬೆಳಿಗ್ಗೆ ಮಾತ್ರ ಯಾಕೆ ಮಾರಾಯ್ತಿ?" ಎಂದಿದ್ದರು. ಮುಂಬಯಿಯ ಬಹುಪಾಲು ನೀರು ಶುದ್ಧವಾಗುವ ದೊಡ್ಡ ಘಟಕ ಇರುವುದೂ ಇದೇ ಭಾಂಡುಪಿನಲ್ಲಿ ಎಂದು ನಾನು ಹೇಳಲಿಲ್ಲ.

ಆ ಪ್ರಶ್ನೆ ಇಟ್ಟುಕೊಂಡೇ ನನ್ನ ಮೆಚ್ಚಿನ ಎರಡು ಮುಂಬಯಿ ಕಥನಗಳನ್ನು ಮತ್ತೆ ಓದಿದೆ. ಯಶವಂತ ಚಿತ್ತಾಲರ ‘ಶಿಕಾರಿ’ (1979)ಯ ನಾಗಪ್ಪ ಕಂಪನಿಯ ಒಳಸಂಚಿಗೆ ಸಿಕ್ಕ ಒಂಟಿ ಗಂಡಸು. ಜಯಂತ ಕಾಯ್ಕಿಣಿಯವರ ದಗಡೂ ಪರಬನನ್ನು ಮದುವೆಯ ಕುದುರೆಯೇ ಹೊತ್ತು ಓಡುತ್ತದೆ. ಇಬ್ಬರ ದಿಗಿಲೂ ನನಗೆ ಗೊತ್ತು. ಆಫೀಸಿನಲ್ಲಿ ನಾನೂ ನಾಗಪ್ಪನೇ. ಆ ದಿಗಿಲಿನ ಒಳಗನ್ನು ಚಿತ್ತಾಲರಷ್ಟು ಹತ್ತಿರದಿಂದ ತೋರಿಸಿದವರು ಕಡಿಮೆ.

ಆದರೆ ಇಬ್ಬರೂ ಓಡುವವರು. ನಗರ ಅವರಿಗೆ ಬೇಟೆಯ ಕಾಡು, ಇಲ್ಲವೇ ಕುದುರೆಯ ದಾರಿ. ಅಮ್ಮ ಓಡಲಿಲ್ಲ, ನಿಂತರು. ನಲ್ಲಿಯ ಸಾಲಿನಲ್ಲಿ ಮರಾಠಿ ಕಲಿತರು. ನನಗೆ ಜ್ವರ ಬಂದಾಗ ಬಾಗಿಲು ತಟ್ಟಿದ್ದು ಅಮ್ಮನ ಗೆಳತಿಯರು. ಏಳು ವರ್ಷದಿಂದ ಇಲ್ಲಿದ್ದ ನನ್ನ ಪರಿಚಯದವರಲ್ಲ. ಹೀಗೆ ನೆಲೆಯೂರುವುದರಲ್ಲಿ ಕಥೆಗೆ ಬೇಕಾದ ತಿರುವಿಲ್ಲ ಎಂದು ನಾವು ನಂಬಿದ್ದೇವೆ. "ಊರಿಗೆ ಯಾವಾಗ ಹೋಗುವಾ?" ಎಂದು ಕೇಳುವುದನ್ನು ಅಮ್ಮ ಒಂದು ದಿನ ನಿಲ್ಲಿಸಿಬಿಟ್ಟರು. ಅದಕ್ಕಿಂತ ದೊಡ್ಡ ತಿರುವು ನಮ್ಮ ಮನೆಯಲ್ಲಿ ನಡೆದಿಲ್ಲ.

ನಾಗಪ್ಪನ ಕಥೆಯನ್ನು ಅಮ್ಮನಿಗೆ ಹೇಳಿದೆ. ಪೂರ್ತಿ ಕೇಳಿ, "ಪಾಪ, ಅಕ್ಕಪಕ್ಕದವರು ಯಾರೂ ಮಾತಾಡಿಸುತ್ತಿರಲಿಲ್ಲವಾ?" ಎಂದರು. ಕಾದಂಬರಿಯನ್ನು ಅಷ್ಟು ಸಲ ಓದಿದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ.